ಪೀಣ್ಯದ ಜಾಬ್ ಶಾಪ್‌ನಲ್ಲಿ ಆರು ವಾರದ ಇಂಟರ್ನ್‌ಶಿಪ್: ಐದಕ್ಕೆ ನಾಲ್ಕು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ, ಎರಡನೇ ಹಂತದ ಒಂದು ಅಡ್ಡರಸ್ತೆ, ಪೌಡರ್ ಕೋಟಿಂಗ್ ಮಾಡುವವರ ಪಕ್ಕದ ಶೆಡ್ಡು. ಕಂಪ್ಯೂಟರ್ ಆದೇಶದಂತೆ ಲೋಹವನ್ನು ತಿರುಗಿಸಿ ಕತ್ತರಿಸುವ ಸಿಎನ್‌ಸಿ ಟರ್ನಿಂಗ್ ಮಷೀನು ನಾಲ್ಕು, ಹಾಗೇ ಕೊರೆದು ಕೆತ್ತುವ ವಿಎಂಸಿ ಒಂದು, ಮೂಲೆಯಲ್ಲಿ ಕೈಯಲ್ಲಿ ನಡೆಸುವ ಹಳೇ ಲೇತು ಎರಡು, ಒಟ್ಟು ಹದಿನೆಂಟು ಜನ. ಬೇರೆ ಕಂಪನಿಗಳು ಡ್ರಾಯಿಂಗ್ ಕೊಟ್ಟ ಭಾಗಗಳನ್ನು ಕೂಲಿಗೆ ಮಾಡಿಕೊಡುವ ಇಂಥ ಜಾಗಕ್ಕೆ ಇಲ್ಲಿ ಜಾಬ್ ಶಾಪ್ ಅನ್ನುತ್ತಾರೆ. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ನಾನು ಅಲ್ಲಿ ಇಂಟರ್ನ್ ಆಗಿದ್ದೆ. ಹೆಸರು ಹಾಕುತ್ತಿಲ್ಲ, ಮಾಲೀಕರೇ ಬೇಡ ಅಂದರು. ವರ್ಷಕ್ಕೆ ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಇಪ್ಪತ್ತು ಮಕ್ಕಳು ಗೇಟಿಗೆ ಬಂದು ನಿಂತರೆ ಹದಿನೆಂಟು ಜನಕ್ಕೆ ಇಲ್ಲ ಅನ್ನಬೇಕಲ್ಲ ಅನ್ನುವುದು ಅವರ ಸಂಕಟ. ಆದರೆ ಇಂಥ ಶಾಪ್‌ಗಳು ಪೀಣ್ಯದ ಒಂದೊಂದು ರಸ್ತೆಯಲ್ಲೂ ಇವೆ. ಅವುಗಳ ಒಳಗೆ ಆರು ವಾರ ಹೇಗಿರುತ್ತದೆ ಅಂತ ಹೋಗುವ ಮೊದಲು ನಾನು ಎಷ್ಟು ಹುಡುಕಿದರೂ ಕನ್ನಡದಲ್ಲಿ ಒಂದು ಪುಟ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತಿಪಟೂರಿನವಳು. ಮೆಕ್ಯಾನಿಕಲ್, ಮೂರನೇ ವರ್ಷ ಈಗಷ್ಟೇ ಮುಗಿಯಿತು. ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ತೆಂಗಿನ ತೋಟದ ಪಂಪುಗಳೆಲ್ಲ ಬೇಸಿಗೆಯಲ್ಲಿ ನಮ್ಮ ಜಗಲಿಗೆ ಬಂದು ಮಲಗುತ್ತವೆ. ಬೇರಿಂಗ್ ಕೂರುವ ಜಾಗ ಸವೆದ ಶಾಫ್ಟಿಗೆ ಅಪ್ಪ ಸೆಂಟರ್ ಪಂಚ್ ಹಿಡಿದು ಸುತ್ತ ಚುಕ್ಕೆ ಹೊಡೆದು, ಎದ್ದ ಉಬ್ಬಿನ ಮೇಲೆ ಬೇರಿಂಗ್ ಬಿಗಿಯಾಗಿ ಕೂರಿಸುವುದನ್ನು ನೋಡುತ್ತ ಬೆಳೆದವಳು ನಾನು. ಆ ಮೋಟಾರು ಆರು ತಿಂಗಳಿಗೆ ಮತ್ತೆ ವಾಪಸ್ ಬರುವುದನ್ನೂ ನೋಡಿದ್ದೇನೆ.

ಪೀಣ್ಯದ ವಿಷಯಕ್ಕೆ ಬರುವ ಮುಂಚೆ ಹಿಂದಿನ ವರ್ಷದ್ದು ಹೇಳಲೇಬೇಕು. ಎರಡನೇ ವರ್ಷದ ರಜೆಯಲ್ಲಿ ನಾನೂ ನನ್ನ ಕ್ಲಾಸಿನ ಏಳು ಜನರೂ 4,500 ರೂಪಾಯಿ ಕಟ್ಟಿ ಒಂದು ‘ಇಂಟರ್ನ್‌ಶಿಪ್ ಪ್ರೋಗ್ರಾಂ’ ಸೇರಿದ್ದೆವು. ನಾಲ್ಕು ವಾರ ಅಂದಿದ್ದರು. ಒಂಬತ್ತು ದಿನ ವಿಡಿಯೊ ತೋರಿಸಿದರು. ಪ್ರಾಜೆಕ್ಟ್ ರಿಪೋರ್ಟು ಎಂಟು ಜನಕ್ಕೂ ಒಂದೇ, ಮೊದಲ ಪುಟದಲ್ಲಿ ಹೆಸರು ಮಾತ್ರ ಬೇರೆ. ಸರ್ಟಿಫಿಕೇಟ್ ಮಾತ್ರ ದಪ್ಪ ಕಾಗದದಲ್ಲಿ ಬಂತು. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ನನ್ನ ರಿಪೋರ್ಟಿನ ಒಂದು ಫೋಟೊ ಮೇಲೆ ಬೆರಳಿಟ್ಟು, ‘ಈ ಟೂಲಿನ ನೋಸ್ ರೇಡಿಯಸ್ ಎಷ್ಟಮ್ಮ?’ ಅಂತ ಕೇಳಿದರು. ನನಗೆ ನೋಸ್ ರೇಡಿಯಸ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ, ರಿಪೋರ್ಟ್ ಮುಚ್ಚಿ ಪಕ್ಕಕ್ಕಿಟ್ಟರು. ಅಪ್ಪ ಮೂರು ಮೋಟಾರು ಕಟ್ಟಿ ದುಡಿದ ದುಡ್ಡು ಅದು. ಆ ದಿನದ ಸಂಕಟ ಈಗಲೂ ಹೋಗಿಲ್ಲ. ದುಡ್ಡು ಕೊಟ್ಟು ಇಂಟರ್ನ್‌ಶಿಪ್ ಕೊಳ್ಳಬೇಡಿ. ಕಲಿಸುವ ಕೋರ್ಸಿಗೆ ಫೀಸು ಕಟ್ಟುವುದು ಬೇರೆ ಮಾತು. ರಾಜಾಜಿನಗರದ ಜಿಟಿಟಿಸಿಯಂಥ ಸರ್ಕಾರಿ ಸಂಸ್ಥೆ 1972ರಿಂದ, ಡೆನ್ಮಾರ್ಕ್ ಸಹಕಾರದಿಂದ ಶುರುವಾಗಿ, ಟೂಲ್ ರೂಮಿನ ವಿದ್ಯೆ, ಅಂದರೆ ಅಚ್ಚು, ಡೈ ಮಾಡುವ ಕೆಲಸ, ಹೇಳಿಕೊಡುತ್ತಿದೆ. ಅಲ್ಲಿ ಕಟ್ಟುವ ಫೀಸು ಫೀಸೇ. ‘ಇಂಟರ್ನ್’ ಅಂತ ಹೆಸರಿಟ್ಟು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿ ಮಾಡುವ ಕೆಲಸ ಇರುವುದಿಲ್ಲ, ಅಷ್ಟೇ.

ಈ ಸಲ ಮಾರ್ಚಿನಲ್ಲೇ ಎರಡು ಶನಿವಾರ ಪೀಣ್ಯ ಸುತ್ತಿದೆ. ತಿಪಟೂರಿನಿಂದ ಬೆಳಗಿನ ರೈಲಿಗೆ ಯಶವಂತಪುರ, ಅಲ್ಲಿಂದ ಮೆಟ್ರೊದಲ್ಲಿ ಪೀಣ್ಯ ಇಂಡಸ್ಟ್ರಿ ನಿಲ್ದಾಣ, ಆಮೇಲೆ ಕಾಲ್ನಡಿಗೆ. ಕೈಯಲ್ಲಿ ಕಾಲೇಜಿನ ಪತ್ರ, ಒಂದು ಪುಟದ ಬಯೋಡೇಟಾ. ಹನ್ನೊಂದು ಕಡೆ ಇಲ್ಲ ಅಂದರು. ಅದರಲ್ಲಿ ಮೂರು ಕಡೆ ಸೆಕ್ಯೂರಿಟಿಯವರೇ ಒಳಗೆ ಬಿಡಲಿಲ್ಲ. ಒಂದು ಕಡೆ, ‘ಹೆಣ್ಣುಮಕ್ಕಳಿಗೆ ಶಾಪ್ ಫ್ಲೋರ್ ಆಗಲ್ಲ, ಆಫೀಸಲ್ಲಿ ಟೈಪಿಂಗ್ ಇದ್ರೆ ಹೇಳ್ತೀನಿ’ ಅಂದರು. ಹನ್ನೆರಡನೆಯದು ಈ ಶೆಡ್ಡು. ಮಧ್ಯಾಹ್ನ ಎರಡೂವರೆ, ಮಾಲೀಕರು ಬಾಗಿಲಲ್ಲೇ ನಿಂತು ಟೆಂಪೊಗೆ ಮಾಲು ತುಂಬಿಸುತ್ತಿದ್ದರು. ಪತ್ರ ಓದಿ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ವಾರ?’

‘ನಾಲ್ಕು ಸರ್.’

‘ನಾಲ್ಕು ವಾರ ಆದ್ರೆ ಬೇಡಮ್ಮ. ಮೊದಲ ಎರಡು ವಾರ ನೀನು ನಮಗೆ ಭಾರ. ಆಮೇಲೆ ನಾಲ್ಕು ವಾರ ನಿಂತರೆ ಇಬ್ಬರಿಗೂ ಲಾಭ. ಆರು ಆದ್ರೆ ಬಾ.’

ಆಗ ಆ ಮಾತು ಒರಟು ಅನ್ನಿಸಿತ್ತು. ಈಗ ಅವರ ಲೆಕ್ಕ ಎಷ್ಟು ಸರಿ ಅಂತ ಗೊತ್ತು. ಕಾಲೇಜಿನವರು ನಾಲ್ಕು ವಾರ ಸಾಕು ಅಂದರೂ ನೀವು ಆರು ಕೇಳಿ. ನಾನು ನಾಲ್ಕನೇ ವಾರಕ್ಕೇ ಹೊರಟಿದ್ದರೆ ಈ ಬರಹದ ಮುಕ್ಕಾಲು ಭಾಗ ಇರುತ್ತಿರಲಿಲ್ಲ.

ಮೊದಲ ವಾರಕ್ಕೆ ನಾನು ಐದಕ್ಕೆ ಎರಡು ಕೊಡುತ್ತೇನೆ. ಯಾರೂ ಏನೂ ವಿವರಿಸಲಿಲ್ಲ. ಸೇಫ್ಟಿ ಶೂ ನಾನೇ ತರಬೇಕಿತ್ತು, ಎಸ್‌ಜೆಪಿ ರಸ್ತೆಯಲ್ಲಿ 900 ರೂಪಾಯಿಗೆ ತಂದೆ. ದುಪಟ್ಟಾ ಇಲ್ಲ, ಬಳೆ ಇಲ್ಲ, ಜಡೆ ಸುತ್ತಿ ಟೋಪಿಯೊಳಗೆ, ತಿರುಗುವ ಮಷೀನಿನ ಹತ್ತಿರ ಕೈಗವಸು ಹಾಕಕೂಡದು, ಮೊಬೈಲು ಕಪಾಟಿನಲ್ಲಿ. ಇಷ್ಟನ್ನು ಮಾತ್ರ ಮೊದಲ ದಿನವೇ ಖಡಾಖಂಡಿತ ಹೇಳಿದರು. ಉಳಿದಂತೆ ಒಂದು ಸ್ಟೂಲು, ಒಂದು ಡಿಬರಿಂಗ್ ಬ್ಲೇಡು, ಒಂದು ಕ್ರೇಟು ತುಂಬ ಬುಷ್, ಅಂದರೆ ಲೋಹದ ಸಣ್ಣ ಕೊಳವೆಗಳು. ಮಷೀನಿಂದ ಬಂದ ಪೀಸಿನ ಅಂಚಿನಲ್ಲಿ ನಿಂತಿರುವ ಚೂಪು ಬರ್ ಕೆರೆದು ತೆಗೆಯುವ ಕೆಲಸ. ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ ಅದೇ. ಮೇ ತಿಂಗಳ ಬಿಸಿಲಿಗೆ ಶೀಟಿನ ಮಾಡು ಕಾದು, ಟೂಲು ಕಾಯದಂತೆ ಸುರಿಸುವ ಕೂಲಂಟ್ ನೀರಿನ ವಾಸನೆ ಮೂಗಿಗೆ ಹತ್ತಿ, ರಾತ್ರಿ ದಾಸರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೂತರೆ ಬೆರಳುಗಳು ಮಡಚುತ್ತಿರಲಿಲ್ಲ. ನನ್ನ ಜೊತೆ ಸೇರಿದ್ದ ಇನ್ನೊಬ್ಬ ಹುಡುಗ ಐದನೇ ದಿನದಿಂದ ಬರಲಿಲ್ಲ. ಅವನನ್ನು ನಾನು ತಪ್ಪು ಅನ್ನುವುದಿಲ್ಲ. ಬಂದವರಿಗೆ ಮೊದಲ ದಿನ ಅರ್ಧ ಗಂಟೆ ಕೊಟ್ಟು, ಈ ಶಾಪಿನಲ್ಲಿ ಏನು ಬರುತ್ತದೆ, ಏನಾಗಿ ಹೋಗುತ್ತದೆ ಅಂತ ಹೇಳಿದ್ದರೆ ಅವನು ನಿಲ್ಲುತ್ತಿದ್ದ. ಇಡೀ ಇಂಟರ್ನ್‌ಶಿಪ್‌ಗೆ ಒಂದು ಅಂಕ ಕಳೆದು ಐದಕ್ಕೆ ನಾಲ್ಕು ಕೊಟ್ಟಿರುವುದು ಅದಕ್ಕೇ.

ಆದರೆ ಬರ್ ತೆಗೆಯುತ್ತ ಕೂತ ಸ್ಟೂಲಿಂದ ಶಾಪು ಪೂರ್ತಿ ಕಾಣುತ್ತಿತ್ತು. ಎರಡನೇ ವಾರದ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ಇಲ್ಲಿ ವಿದ್ಯೆ ಕೈ ಬದಲಾಗುವ ಹೊತ್ತು ಒಂದೇ, ಮಧ್ಯಾಹ್ನ ಒಂದೂ ಮುಕ್ಕಾಲರಿಂದ ಎರಡೂ ಕಾಲು. ಬೆಳಗ್ಗೆ ಆರರ ಶಿಫ್ಟಿನವರು ಎರಡು ಗಂಟೆ ಶಿಫ್ಟಿನವರಿಗೆ ಮಷೀನು ಒಪ್ಪಿಸುವ ಆ ಅರ್ಧ ಗಂಟೆ. ‘ಮೂರನೇ ಟೂಲು ಸ್ವಲ್ಪ ಸದ್ದು ಮಾಡ್ತಿದೆ’, ‘ಎಕ್ಸ್ ಆಫ್‌ಸೆಟ್ ಹತ್ತು ಮೈಕ್ರಾನ್ ಕೊಟ್ಟಿದ್ದೀನಿ’, ‘ಈ ಲಾಟಿನ ರಾಡು ಗಟ್ಟಿ ಇದೆ, ಫೀಡ್ ಇಳಿಸು’: ಪುಸ್ತಕದಲ್ಲಿಲ್ಲದ ಮಾತೆಲ್ಲ ಅಲ್ಲಿ ಬರುತ್ತದೆ. ಇಂಟರ್ನ್ ಆದವರು ಸಾಮಾನ್ಯವಾಗಿ ಆ ಹೊತ್ತಿಗೆ ಊಟಕ್ಕೆ ಹೋಗಿರುತ್ತಾರೆ. ನಾನು ಊಟ ಹನ್ನೆರಡೂವರೆಗೆ ಮುಗಿಸಿ, ದಿನಾ ಒಂದು ಮಷೀನಿನ ಪಕ್ಕ ನಿಲ್ಲತೊಡಗಿದೆ. ಮಾತಾಡದೆ, ಬರೆದುಕೊಳ್ಳುತ್ತ.

ಇಪ್ಪತ್ತು ರೂಪಾಯಿಯ ಜೇಬು ಪುಸ್ತಕ ಅದು. ಎಡ ಪುಟದಲ್ಲಿ ಕಂಡದ್ದು, ಬಲ ಪುಟದಲ್ಲಿ ಪ್ರಶ್ನೆ. ಅವತ್ತಿನ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಆರಿಸಿ ಸಂಜೆ ನಾಲ್ಕರ ಟೀ ಹೊತ್ತಿಗೆ, ಮಷೀನಿಗೆ ಟೂಲು ಮತ್ತು ಪ್ರೋಗ್ರಾಂ ಹೊಂದಿಸಿಕೊಡುವ ಸೆಟ್ಟರ್ ಅಣ್ಣನಿಗೆ ಕೇಳುವುದು. ಮಷೀನು ಓಡುವಾಗ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅದು ನ್ಯಾಯವೂ ಹೌದು. ಟೀ ಹೊತ್ತಿಗೆ ಕೇಳಿದರೆ ಅದೇ ಮನುಷ್ಯ ಗ್ಲಾಸು ಆರುವವರೆಗೆ ಹೇಳುತ್ತಾರೆ. ಸೆಟ್ಟರ್ ಅಣ್ಣ ಗೋಕಾಕದ ಕಡೆಯವರು. ಒಂದು ದಿನ ಅವರೇ ಕಂಟ್ರೋಲರಿನ ಪರದೆ ತೋರಿಸಿ ನನಗೆ ಪ್ರಶ್ನೆ ಹಾಕಿದರು: ‘ನೋಡ ತಂಗಿ, ಜಿ 50 ಎಸ್ 2500 ಅಂತ ಐತಲ್ಲ, ಈ ಸಾಲು ತಗದ್ರ ಏನಾಕ್ಕೈತಿ?’

ರಾತ್ರಿ ಕೂತು ಲೆಕ್ಕ ಹಾಕಿದೆ. ಪಕ್ಕದ ಸಾಲಿನಲ್ಲಿ ಜಿ 96 ಇತ್ತು, ಎಸ್ 200. ಅಂದರೆ ಕತ್ತರಿಸುವ ವೇಗ ನಿಮಿಷಕ್ಕೆ 200 ಮೀಟರ್ ಆಗಿಯೇ ಇರಬೇಕು, ವ್ಯಾಸ ಎಷ್ಟಾದರೂ. ಕಾಲೇಜಿನಲ್ಲಿ ಪರೀಕ್ಷೆಗೆ ಬರೆದ ಸೂತ್ರವೇ: ಪೈ ಗುಣಿಸು ವ್ಯಾಸ ಗುಣಿಸು ಆರ್‌ಪಿಎಂ, ಭಾಗಿಸು 1000. ವ್ಯಾಸ 40 ಮಿ.ಮೀ. ಇದ್ದಾಗ ಸುಮಾರು 1,590 ಸುತ್ತು. 20 ಆದರೆ 3,180. ಪೀಸಿನ ತುದಿಯ ಮುಖ ಕತ್ತರಿಸುತ್ತ ಟೂಲು ನಡುವಿಗೆ ಬಂದಂತೆ ವ್ಯಾಸ ಸೊನ್ನೆಯ ಕಡೆ ಹೋಗುತ್ತದೆ, ಸುತ್ತು ಮಷೀನಿನ ಮಿತಿವರೆಗೆ ಏರುತ್ತಲೇ ಹೋಗುತ್ತದೆ. ಪೀಸನ್ನು ಕಚ್ಚಿ ಹಿಡಿಯುವ ಚಕ್ಕು ಅಷ್ಟು ವೇಗದಲ್ಲಿ ತಿರುಗಿದರೆ ಅದರ ದವಡೆಗಳು ಹೊರಕ್ಕೆ ಎಳೆದು ಹಿಡಿತ ಸಡಿಲಾಗುತ್ತದೆ, ಪೀಸು ಹಾರಬಹುದು. ನಿಮಿಷಕ್ಕೆ 2,500 ಸುತ್ತು ದಾಟಬೇಡ ಅನ್ನುವ ಆ ಒಂದು ಸಾಲು ಎದುರು ನಿಂತವನ ಪ್ರಾಣ ಕಾಯುತ್ತಿದೆ. ಎರಡು ಸೆಮಿಸ್ಟರ್ ಆ ಸೂತ್ರ ಬರೆದಿದ್ದೆ. ಅದು ಏನು ಹೇಳುತ್ತಿದೆ ಅಂತ ಅವತ್ತು ರಾತ್ರಿ, ದಾಸರಹಳ್ಳಿಯ ಅಡುಗೆಮನೆಯ ನೆಲದ ಮೇಲೆ ಕೂತು, ಮೊದಲ ಸಲ ಕಂಡೆ. ಮರುದಿನ ಹೇಳಿದಾಗ ಅಣ್ಣ ತಲೆಯಾಡಿಸಿ, ಆ ಮಧ್ಯಾಹ್ನದಿಂದ ನನ್ನನ್ನು ಮಷೀನಿನ ಎದುರು ನಿಲ್ಲಿಸಿಕೊಂಡರು.

ಮೂರನೇ ವಾರ ನನ್ನನ್ನು ಕ್ಯೂಸಿ ಮೇಜಿಗೆ, ಅಂದರೆ ಪೀಸುಗಳ ಅಳತೆ ಪರೀಕ್ಷಿಸುವ ಜಾಗಕ್ಕೆ, ಹಾಕಿದರು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಯಾಕೆಂದರೆ ಇಡೀ ಆರು ವಾರದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ, ಮತ್ತು ಅದು ನನ್ನ ತಪ್ಪಿನಿಂದ ಬಂತು.

ಪಂಪಿನ ಶಾಫ್ಟು, ಇಎನ್ 8 ಉಕ್ಕು. ಅದರ ಮೇಲೆ 6208 ಬೇರಿಂಗ್ ಕೂರುವ ಜಾಗ. ಬೇರಿಂಗಿನ ಒಳವ್ಯಾಸ 40 ಮಿ.ಮೀ.; ನಂಬರಿನ ಕೊನೆಯ 08ನ್ನು ಐದರಿಂದ ಗುಣಿಸಿದರೆ ಸಿಗುತ್ತದೆ, ಇದು ಅಪ್ಪನ ಅಂಗಡಿಯಲ್ಲೇ ಗೊತ್ತಿತ್ತು. ಡ್ರಾಯಿಂಗಿನಲ್ಲಿ 40 ಕೆ6. ಅಂದರೆ ಶಾಫ್ಟು 40.002ಕ್ಕಿಂತ ಸಣ್ಣದಿರಬಾರದು, 40.018ಕ್ಕಿಂತ ದಪ್ಪಗಿರಬಾರದು. ನಡುವೆ ಇರುವುದು 16 ಮೈಕ್ರಾನ್; ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲೊಂದು ಸುಮಾರು 70 ಮೈಕ್ರಾನ್ ದಪ್ಪ. ಅದರ ಕಾಲು ಭಾಗಕ್ಕೂ ಕಡಿಮೆ ಜಾಗದಲ್ಲಿ ಎಲ್ಲ ಪೀಸೂ ಕೂರಬೇಕು.

ಬೆಳಗ್ಗೆ ಕ್ಯೂಸಿ ಅಕ್ಕ ಬ್ಯಾಂಕಿಗೆ ಹೋಗಬೇಕಿತ್ತು. ನನ್ನ ಕೈಗೆ ಡಿಜಿಟಲ್ ಮೈಕ್ರೋಮೀಟರ್ ಕೊಟ್ಟು, 25 ಮಿ.ಮೀ. ಉದ್ದದ ಸ್ಟ್ಯಾಂಡರ್ಡ್ ಕಡ್ಡಿ ಇಟ್ಟು ಅದರ ಅಳತೆ ಹೊಂದಿಸುವುದನ್ನು ತೋರಿಸಿ ಹೋದರು. ಮೂರನೇ ಮಷೀನಿಂದ ಪೀಸು ಬಂದಂತೆ ಅಳೆದೆ. 40.014. 40.012. 40.013. ಆಪರೇಟರು ಕಿಟಕಿಯಿಂದ ಕೇಳುತ್ತಿದ್ದ, ನಾನು ಓಕೆ ಅನ್ನುತ್ತಿದ್ದೆ. ಹದಿನಾಲ್ಕು ಪೀಸು ಹಾಗೆ ಹೋದವು. ಬೆರಳಿಗೆ ಬಿಸಿ ತಾಗುತ್ತಿತ್ತು, ಮಷೀನಿಂದ ಬಂದದ್ದು ಬಿಸಿಯಾಗಿರುವುದು ಸಹಜ ಅಂದುಕೊಂಡೆ. ಕೂಲಂಟ್ ಪೈಪಿನ ಮೂತಿ ಚಿಪ್ಸಿಗೆ ಸಿಕ್ಕಿ ಪಕ್ಕಕ್ಕೆ ತಿರುಗಿತ್ತು, ನೀರು ಟೂಲಿನ ಮೇಲೆ ಬೀಳದೆ ಚಕ್ಕಿನ ಮೇಲೆ ಬೀಳುತ್ತಿತ್ತು. ಅದನ್ನು ನಾನೂ ನೋಡಲಿಲ್ಲ, ಆಪರೇಟರೂ ನೋಡಲಿಲ್ಲ.

ಅಕ್ಕ ಹನ್ನೊಂದೂವರೆಗೆ ಬಂದರು. ಬಂದವರು ಮೈಕ್ರೋಮೀಟರ್ ಮುಟ್ಟಲಿಲ್ಲ. ಆಗಷ್ಟೇ ಹೊರಬಂದ ಪೀಸನ್ನು ನನ್ನ ಕೈಗೆ ಕೊಟ್ಟು, ‘ಮುಟ್ಟು’ ಅಂದರು. ಆಮೇಲೆ ಗ್ರಾನೈಟ್ ಮೇಜಿನ ಮೇಲೆ ಬೆಳಗ್ಗೆಯಿಂದ ಕೂತಿದ್ದ ಮಾಸ್ಟರ್ ಪೀಸನ್ನು ಇನ್ನೊಂದು ಕೈಗೆ ಕೊಟ್ಟು, ‘ಇದನ್ನ ಮುಟ್ಟು’ ಅಂದರು. ಎರಡು ಕೈಯಲ್ಲಿ ಎರಡು ಹವಾಮಾನ ಇದ್ದಂತಿತ್ತು. ನಾನು ಓಕೆ ಅಂದಿದ್ದ ಹದಿನಾಲ್ಕನ್ನೂ ಗ್ರಾನೈಟ್ ಮೇಲೆ ಸಾಲಾಗಿ ನಿಲ್ಲಿಸಿದರು. ಊಟ ಮುಗಿಸಿ ಬಂದ ಮೇಲೆ ಅಳೆಯಲು ಹೇಳಿದರು.

40.014 ಇದ್ದದ್ದು 40.003. 40.012 ಇದ್ದದ್ದು 40.001. ಹದಿನಾಲ್ಕರಲ್ಲಿ ಐದು ಕೆಳಗಿನ ಮಿತಿಯ ಕೆಳಗೆ ಹೋಗಿದ್ದವು.

ಉಕ್ಕು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ, ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 40 ಮಿ.ಮೀ. ವ್ಯಾಸಕ್ಕೆ, ಪೀಸು 24 ಡಿಗ್ರಿ ಹೆಚ್ಚು ಬಿಸಿ ಇದ್ದರೆ, 11 ಮೈಕ್ರಾನ್. ನಮಗೆ ಇದ್ದ ಜಾಗವೇ 16. ಅಳತೆಗೆ ಲೋಕವೆಲ್ಲ ಒಪ್ಪಿಕೊಂಡ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಪೀಣ್ಯದ ಮೇ ತಿಂಗಳಲ್ಲಿ ಅದು ಎಲ್ಲಿಂದ ಬರಬೇಕು? ಅಕ್ಕ ಹೇಳಿದ್ದು: ಜಾಬೂ ಉಕ್ಕು, ಮೈಕ್ರೋಮೀಟರೂ ಉಕ್ಕು, ಎರಡೂ ಒಂದೇ ಹದಕ್ಕೆ ಬಂದರೆ ಎರಡೂ ಒಟ್ಟಿಗೆ ಹಿಗ್ಗಿರುತ್ತವೆ, ಅಳತೆ ಹೆಚ್ಚುಕಡಿಮೆ ಸರಿ ಬರುತ್ತದೆ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಮಾತ್ರ ಮೋಸ. ಮೈಕ್ರೋಮೀಟರನ್ನು ಪ್ಲಾಸ್ಟಿಕ್ ಹಿಡಿಯಲ್ಲೇ ಹಿಡಿಯಬೇಕು ಅನ್ನುವುದು ಯಾಕೆ ಅಂತಲೂ ಆಗ ಗೊತ್ತಾಯಿತು. ನಾನು ಬೆಳಗ್ಗೆಯಿಂದ ಅದರ ಉಕ್ಕಿನ ಬಿಲ್ಲನ್ನೇ ಮುಷ್ಟಿಯಲ್ಲಿ ಹಿಡಿದಿದ್ದೆ.

ದಪ್ಪ ಇದ್ದರೆ ಇನ್ನೊಮ್ಮೆ ಕೆರೆಯಬಹುದು. ಸಣ್ಣದಾದ ಹೊಸ ಶಾಫ್ಟನ್ನು ಗಿರಾಕಿಗೆ ಕಳಿಸುವಂತಿಲ್ಲ. ಐದು ಶಾಫ್ಟು, ಒಂದಕ್ಕೆ ಕಬ್ಬಿಣ ಕೂಲಿ ಸೇರಿ 260 ರೂಪಾಯಿ. ಮಾಲೀಕರು ಬಂದು ನೋಡಿದರು. ನನಗೆ ಅಳು ಬರುವಂತಿತ್ತು. ‘ರಿಜೆಕ್ಷನ್ ರಿಪೋರ್ಟು ನೀನೇ ಬರಿ, ಕಾರಣದ ಜಾಗದಲ್ಲಿ ಆಪರೇಟರ್ ತಪ್ಪು ಅಂತ ಬರೀಬೇಡ, ನಿನ್ನ ತಪ್ಪು ಅಂತಲೂ ಬರೀಬೇಡ. ಏನಾಯ್ತು ಅಂತ ಬರಿ’ ಅಂದರು. ಕೂಲಂಟ್ ನಳಿಕೆ ಸರಿದಿತ್ತು, ಪೀಸು ಆರುವ ಮೊದಲು ಅಳೆಯಲಾಯಿತು ಅಂತ ಬರೆದೆ. ಮರುದಿನ ಆ ಮಷೀನಿನ ಬಾಗಿಲಿಗೆ ಒಂದು ಕಾಗದ ಅಂಟಿತು, ಕ್ಯೂಸಿ ಮೇಜಿನ ಮೇಲೆ ‘ಆರಲು ಇಟ್ಟದ್ದು’ ಅಂತ ಬರೆದ ಒಂದು ಟ್ರೇ ಬಂತು. ಆ ಟ್ರೇ ಈಗಲೂ ಇದೆ. ಐದರಲ್ಲಿ ಒಂದು ಶಾಫ್ಟನ್ನು ಕೇಳಿ ಮನೆಗೆ ತಂದಿದ್ದೇನೆ.

ಅಪ್ಪನ ಪಂಚ್ ಹೊಡೆದ ಮೋಟಾರುಗಳು ಯಾಕೆ ಆರು ತಿಂಗಳಿಗೆ ವಾಪಸ್ ಬರುತ್ತಿದ್ದವು ಅಂತಲೂ ಅವತ್ತೇ ಅರ್ಥವಾಯಿತು. ಸುತ್ತಲೂ ಕೂರಬೇಕಾದ ಬೇರಿಂಗು ಹತ್ತಿಪ್ಪತ್ತು ಮೊನೆಗಳ ಮೇಲೆ ನಿಂತಿರುತ್ತದೆ. ಆ ಮೊನೆಗಳು ಬೇಗ ಜಜ್ಜಿಹೋಗುತ್ತವೆ.

ಇನ್ನು ಇಂಟರ್ನ್‌ಶಿಪ್‌ನಿಂದ ಹೆಚ್ಚು ಪಡೆಯುವುದು ಹೇಗೆ ಅಂತ ನನ್ನ ಜೂನಿಯರ್‌ಗಳು ಕೇಳುವ ಪ್ರಶ್ನೆಗೆ. ನನ್ನ ಅನುಭವದಲ್ಲಿ ಉತ್ತರ ಒಂದೇ: ನೀವು ಒಂದು ದಿನ ಬರದಿದ್ದರೆ ‘ಆ ಹುಡುಗಿ ಎಲ್ಲಿ?’ ಅಂತ ಯಾರಾದರೂ ಕೇಳುವಂಥ ಒಂದು ಸಣ್ಣ ಕೆಲಸವನ್ನು ಹುಡುಕಿ ನಿಮ್ಮದು ಮಾಡಿಕೊಳ್ಳಿ. ಅಲ್ಲಿಯವರೆಗೆ ನೀವು ಅತಿಥಿ. ಅತಿಥಿಗೆ ಕಾಫಿ ಕೊಡುತ್ತಾರೆ, ವಿದ್ಯೆ ಕೊಡುವುದಿಲ್ಲ. ಆ ಕೆಲಸವನ್ನು ಯಾರೂ ತಂದು ಕೈಗೆ ಕೊಡುವುದಿಲ್ಲ, ಕೆಲಸದಲ್ಲಿರುವವರಿಗೆ ಅದಕ್ಕೆ ಪುರುಸೊತ್ತಿರುವುದಿಲ್ಲ. ಎಲ್ಲರಿಗೂ ಬೇಕಾದ, ಯಾರೂ ಮಾಡದ ಕೆಲಸ ಪ್ರತಿ ಶಾಪಿನಲ್ಲೂ ಒಂದಾದರೂ ಇರುತ್ತದೆ.

ನನಗೆ ಸಿಕ್ಕಿದ್ದು ಬಳಸಿದ ಇನ್ಸರ್ಟ್ ಎಸೆಯುವ ಡಬ್ಬ. ಟೂಲಿನ ತುದಿಯಲ್ಲಿ ಕೂರುವ ಕಾರ್ಬೈಡ್ ಬಿಲ್ಲೆಗೆ ಇನ್ಸರ್ಟ್ ಅನ್ನುತ್ತಾರೆ. ನಮ್ಮಲ್ಲಿ ಹೆಚ್ಚು ಓಡುತ್ತಿದ್ದದ್ದು ಸಿಎನ್‌ಎಂಜಿ 120408. ಅದರ ಕೊನೆಯ 08 ಅಂದರೆ ನೋಸ್ ರೇಡಿಯಸ್, ಕತ್ತರಿಸುವ ಮೂಲೆಯ ದುಂಡಿನ ತ್ರಿಜ್ಯ, 0.8 ಮಿ.ಮೀ. ಹಿಂದಿನ ವರ್ಷ ವೈವಾದಲ್ಲಿ ಕೇಳಿದ ಪ್ರಶ್ನೆಯ ಉತ್ತರ ಇನ್ಸರ್ಟ್ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಒಂದು ಬಿಲ್ಲೆಗೆ ಕತ್ತರಿಸುವ ಮೂಲೆ ನಾಲ್ಕು, ಮೇಲೆ ಎರಡು ಕೆಳಗೆ ಎರಡು. ಒಂದು ಮೂಲೆ ಮುಗಿದರೆ ತಿರುಗಿಸಿ ಹಾಕಬೇಕು. ಶಿಫ್ಟು ಬದಲಾಗುವಾಗ ಯಾವ ಮೂಲೆ ಆಗಿದೆ ಯಾವುದಿಲ್ಲ ಅನ್ನುವುದು ತಪ್ಪಿಹೋಗುತ್ತಿತ್ತು, ಅನುಮಾನ ಬಂದರೆ ಡಬ್ಬಕ್ಕೆ. ನಾಲ್ಕನೇ ವಾರ ಆ ಡಬ್ಬ ಮೇಜಿನ ಮೇಲೆ ಸುರಿದು, ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದೆ. ಅರವತ್ತು ಬಿಲ್ಲೆಯಲ್ಲಿ ಹದಿನೇಳಕ್ಕೆ ಒಂದು ಮೂಲೆ ಮುಟ್ಟದೆ ಹಾಗೇ ಇತ್ತು. ಒಂದು ಬಿಲ್ಲೆಗೆ 300 ರೂಪಾಯಿ ಅಂದರೆ ಒಂದು ಮೂಲೆಗೆ 75. ಹದಿನೇಳು ಮೂಲೆಗೆ 1,275. ಮಾಲೀಕರಿಗೆ ಲೆಕ್ಕ ತೋರಿಸಿದೆ. ಬಳಸಿದ ಮೂಲೆಗೆ ಮಾರ್ಕರಿನಲ್ಲಿ ಚುಕ್ಕೆ ಇಡುವುದು, ಮಷೀನಿಗೊಂದು ಪುಟದಲ್ಲಿ ಎಷ್ಟು ಪೀಸಿಗೆ ಮೂಲೆ ಬದಲಾಯಿತು ಅಂತ ಬರೆಯುವುದು, ಇಷ್ಟು ಶುರುಮಾಡಿದೆವು. ಆ ರಿಜಿಸ್ಟರ್ ನನ್ನ ಕೆಲಸವಾಯಿತು. ಐದನೇ ವಾರ ಜ್ವರ ಬಂದು ಒಂದು ದಿನ ಹೋಗದಿದ್ದಾಗ ಹತ್ತು ಗಂಟೆಗೆ ಸೆಟ್ಟರ್ ಅಣ್ಣನ ಫೋನು: ‘ತಂಗಿ, ನಾಕನೇ ಮಷೀನಿನ ಪುಟ ಎಲ್ಲಿಟ್ಟಿ?’

ಆ ರಿಜಿಸ್ಟರಿನಿಂದಲೇ ನನ್ನ ರಿಪೋರ್ಟೂ ಆಯಿತು. ಎರಡನೇ ಮಷೀನಿನಲ್ಲಿ ಮೂಲೆಗಳಿಂದ ಬೇಗ ಚಕ್ಕೆ ಏಳುತ್ತಿತ್ತು. ಸೆಟ್ಟರ್ ಅಣ್ಣ ಆ ಪುಟ ನೋಡಿಯೇ ಹೋಲ್ಡರಿನಲ್ಲಿ ಬಿಲ್ಲೆಯ ಕೆಳಗೆ ಕೂರುವ ತಟ್ಟೆ, ಶಿಮ್, ಬಿಚ್ಚಿದರು, ಅದು ಸೀಳಿಹೋಗಿತ್ತು. ಇಂಥದ್ದನ್ನು ಯಾವ ವಿಡಿಯೊ ನೋಡಿ ಬರೆಯಲಾಗುತ್ತದೆ?

ಒಂದು ಭಾನುವಾರ ಮಾಲೀಕರ ಮಾತಿನ ಮೇಲೆ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಮ್ಮಿಗೂ ಹೋಗಿ ಬಂದೆ. ಅವರು ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವರು. 1953ರಲ್ಲಿ ಶುರುವಾದ ಆ ಕಾರ್ಖಾನೆ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಗಡಿಯಾರ ಮಾಡಲು ಹೊರಟದ್ದು, ಅಲ್ಲಿ ಕೈ ಪಳಗಿಸಿಕೊಂಡ ಎಷ್ಟೋ ಜನ ಆಮೇಲೆ ಪೀಣ್ಯದಲ್ಲಿ ಒಂದೊಂದು ಲೇತು ಹಾಕಿಕೊಂಡದ್ದು, ಇದೆಲ್ಲ ತಿಳಿದ ಮೇಲೆ ನಮ್ಮ ಶೆಡ್ಡಿನ ಮೂಲೆಯ ಹಳೇ ಎಚ್‌ಎಂಟಿ ಲೇತನ್ನು ನೋಡುವ ಕಣ್ಣೇ ಬೇರೆಯಾಯಿತು. ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಬರುವ ಮೆಕ್ಯಾನಿಕಲ್‌ನವರು ಅಲ್ಲಿಗೂ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೂ ಒಂದೊಂದು ದಿನ ಇಟ್ಟುಕೊಳ್ಳಿ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಹೆಂಗಸರಿಗೆ ಶೌಚಾಲಯ ಒಂದೇ, ಅದೂ ಮೇಲಿನ ಆಫೀಸಿನ ಹಿಂದೆ, ಬೀಗದ ಕೈ ಕೇಳಿ ಪಡೆಯಬೇಕು. ಕ್ಯೂಸಿ ಅಕ್ಕ ವರ್ಷಗಳಿಂದ ಹೀಗೇ ನಡೆಸಿದ್ದಾರೆ. ನಾನು ಹೊರಡುವ ದಿನ ಮಾಲೀಕರಿಗೆ ನೇರವಾಗಿ ಹೇಳಿದೆ, ಸರಿಮಾಡುತ್ತೇನೆ ಅಂದಿದ್ದಾರೆ. ಕಿವಿಗೆ ಹಾಕುವ ಪ್ಲಗ್ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ಇವುಗಳನ್ನು ಕೇಳಲು ಸಂಕೋಚಪಡಬೇಡಿ, ಅದು ನಿಮ್ಮ ಕಿವಿ. ಡಿಸೈನ್ ಸಾಫ್ಟ್‌ವೇರ್ ಕಲಿಯುವ ಆಸೆ ಇದ್ದವರಿಗೆ ಇದು ಜಾಗವಲ್ಲ; ಆಫೀಸಿನಲ್ಲಿ ಇರುವ ಕಂಪ್ಯೂಟರೇ ಎರಡು.

ಹಣದ ವಿಷಯ: ಆರು ವಾರಕ್ಕೆ 6,000 ರೂಪಾಯಿ, ಕೊನೆಯ ದಿನ ಕವರಿನಲ್ಲಿ. ಮೊದಲು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ; ಕೇಳಬೇಕಿತ್ತು. ಅಪ್ರೆಂಟಿಸ್ ಬೇರೆ, ಇಂಟರ್ನ್ ಬೇರೆ ಅನ್ನುವುದನ್ನು ತಿಳಿದುಕೊಂಡು ಹೋಗಿ. ಅಪ್ರೆಂಟಿಸ್‌ಗೆ 1961ರ ಕಾಯ್ದೆ ಇದೆ, ಸ್ಟೈಪೆಂಡ್ ಕೊಡಲೇಬೇಕು. ಕಾಲೇಜಿನ ಪತ್ರ ಹಿಡಿದು ಬರುವ ನಮ್ಮಂಥವರಿಗೆ ಆ ರಕ್ಷಣೆ ಇಲ್ಲ. ಕೇಂದ್ರದ ಪಿಎಂ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರಿನಲ್ಲಿ ತಿಂಗಳಿಗೆ 5,000 ರೂಪಾಯಿ ಅಂತ ಶುರುವಾದಾಗ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಆಸೆಪಟ್ಟೆವು, ಆದರೆ ಆಗಿನ ನಿಯಮದಲ್ಲಿ ಅದು ಪೂರ್ಣಾವಧಿ ಓದುತ್ತಿರುವವರಿಗೆ ಇರಲಿಲ್ಲ. ಹಾಗಾಗಿ ಮೊದಲ ದಿನವೇ ವಿನಯವಾಗಿ ಕೇಳಿ: ‘ಸರ್, ಓಡಾಟದ ಖರ್ಚಿಗೆ ಏನಾದರೂ ಕೊಡ್ತೀರಾ?’ ನನಗೆ ಓಡಾಟ ಭಾರವಾಗಲಿಲ್ಲ. ದಾಸರಹಳ್ಳಿಯಿಂದ ಬಿಎಂಟಿಸಿ ಬಸ್ಸು, 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಶಕ್ತಿ ಯೋಜನೆ ಇರದಿದ್ದರೆ ಆರು ವಾರದ ಬಸ್ ಚಾರ್ಜಿಗೇ ಅಪ್ಪನನ್ನು ಕೇಳಬೇಕಿತ್ತು.

ಆ 6,000ದಲ್ಲಿ ಎಸ್‌ಜೆಪಿ ರಸ್ತೆಯಲ್ಲಿ ಅಪ್ಪನಿಗೆ 25ರಿಂದ 50ರವರೆಗಿನ ಒಂದು ಮೈಕ್ರೋಮೀಟರ್ ಕೊಂಡೆ. ಈಗ ಸವೆದ ಶಾಫ್ಟುಗಳನ್ನು ಅಪ್ಪ ಅಳೆದು, ವೆಲ್ಡಿಂಗಿನಲ್ಲಿ ಕಟ್ಟಿಸಿ, ಲೇತಿಗೆ ಕಳಿಸುತ್ತಾರೆ. ಗಿರಾಕಿಗೆ ನೂರೈವತ್ತು ರೂಪಾಯಿ ಹೆಚ್ಚು ಬೀಳುತ್ತದೆ, ಅದಕ್ಕೆ ಒಪ್ಪದವರೂ ಇದ್ದಾರೆ.

ಹೋಗುವವರಿಗೆ: ಶನಿವಾರ ಮಧ್ಯಾಹ್ನ ಎರಡರ ಮೇಲೆ ಹೋಗಿ, ಮಾಲು ಕಳಿಸಿ ಮಾಲೀಕರು ಸ್ವಲ್ಪ ಬಿಡುವಾಗಿರುತ್ತಾರೆ. ಮೇಲ್ ಕಳಿಸಿ ಕಾಯಬೇಡಿ, ಸಣ್ಣ ಶಾಪಿನಲ್ಲಿ ಮೇಲ್ ನೋಡುವುದು ಅಕೌಂಟ್ಸಿನವರು. ಕಾಲೇಜಿನ ಪತ್ರದಲ್ಲಿ ತಾರೀಕು, ಗೈಡ್ ಹೆಸರು, ವಿಮೆ ಇದ್ದರೆ ಅದರ ವಿವರ ಇರಲಿ. ಡೈರಿಗೆ ದಿನಾ ಸಂಜೆಯೇ ಸೂಪರ್‌ವೈಸರ್ ಸಹಿ ಹಾಕಿಸಿ, ಕೊನೆಗೆ ಆರು ವಾರದ್ದು ಒಟ್ಟಿಗೆ ಹಿಡಿದರೆ ಅವರು ಓದದೆ ಹಾಕುತ್ತಾರೆ. ಡ್ರಾಯಿಂಗುಗಳ ಫೋಟೊ ತೆಗೆಯಬೇಡಿ, ಅವು ಗಿರಾಕಿಯ ಸೊತ್ತು. ರಿಪೋರ್ಟಿಗೆ ಬೇಕಾದ್ದನ್ನು ಕೈಯಲ್ಲಿ ಬರೆದು, ತೋರಿಸಿ, ಒಪ್ಪಿಗೆ ಪಡೆದು ಹಾಕಿ. ಹತ್ತು, ಹನ್ನೊಂದು ಕಡೆ ಇಲ್ಲ ಅಂದರೂ ಅದೇ ರಸ್ತೆಯಲ್ಲಿ ಮುಂದೆ ನಡೆಯಿರಿ. ಸೇಫ್ಟಿ ಶೂ ಕೊಳ್ಳುವಾಗ ಸಂಜೆ ಕೊಳ್ಳಿ, ಇಡೀ ದಿನ ನಿಂತ ಮೇಲೆ ಕಾಲು ಎಷ್ಟು ಊದುತ್ತದೆ ಅಂತ ಬೆಳಗ್ಗೆ ಗೊತ್ತಾಗುವುದಿಲ್ಲ.